ನೋಡಲು ಹೋದವನ ಕೂಗು

ಸೀತಾರಾಮನ ಸೈಬರ್ ಕೆಫೆಯಲ್ಲಿ ಐದು ವರ್ಷ ಬಂದೂಕಿನ ಆಟ ಆಡಿ ಶಿರಸಿಯಲ್ಲೆಲ್ಲ ಹೆಸರು ಮಾಡಿದ್ದ ತುಷಾರ, ಇಪ್ಪತ್ತೇಳಕ್ಕೇ ಮುದುಕನಾಗಿದ್ದ. ಬೆರಳು ಮಾತು ಕೇಳುತ್ತಿರಲಿಲ್ಲ. ದಿನವಿಡೀ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ಜೊತೆ ತಲೆ ಚಚ್ಚಿಕೊಂಡವನಿಗೆ, ಸಂಜೆ ಕಾಲೇಜು ಹುಡುಗರ ಕೈಲಿ ಗುಂಡು ತಿಂದು ಸಾಯುವುದು ಸಾಕುಸಾಕಾಗಿ, ಆಡುವುದನ್ನೇ ನಿಲ್ಲಿಸಿದ್ದ. ಹಾಗಂತ ಪೂರ್ತಿ ಬಿಟ್ಟನೇ? ಅದೂ ಇಲ್ಲ. ಇಸಳೂರಿನ ಮನೆಗೆ ಬೈಕು ತಿರುಗಿಸುವ ಮೊದಲು ಕೆಫೆಗೆ ಹೊಕ್ಕು, ದೂರದ ದೇಶದ ಟೂರ್ನಮೆಂಟಿನಲ್ಲಿ ಸ್ವೀಡನ್ನಿನವರು ಗೆದ್ದರೋ ಕೊರಿಯಾದವರು ಗೆದ್ದರೋ ನೋಡದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

೨೦೦೭ರಲ್ಲಿ ಹುಬ್ಬಳ್ಳಿಯ ಪಂದ್ಯಕ್ಕೆ ಅವನ ಹಳೆಯ ತಂಡದಲ್ಲಿ ಒಬ್ಬ ಕಡಿಮೆ ಬಿದ್ದ. ನಾಯಕ ಸತೀಶ ಅಂಗಡಿಗೇ ಬಂದ. ಹುಬ್ಬಳ್ಳಿಗೆ ಹೋದಾಗಲೆಲ್ಲ ಮೊದಲ ಪಂದ್ಯದಲ್ಲೇ ಸೋತು ಬಂದವನು.

"ಒಂದೇ ಒಂದು ಪಂದ್ಯ ಗೆಲ್ಬೇಕು ಮಾರಾಯ. ಮತ್ತೆ ನಾನೂ ಬಿಡ್ತೆ. ಬಾ."

"ಆನು ಆಡ್ತ್ನಿಲ್ಲೆ. ಬೇಕಾದ್ರೆ ನೋಡಲೆ ಬತ್ತೆ," ಎಂದ ತುಷಾರ. ಸೋಲುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ!

ಸತೀಶ ಇನ್ನೂ ಕಲಿಯುತ್ತಿದ್ದ ಸೋಮನನ್ನೇ ಸೇರಿಸಿಕೊಂಡ.

ಈ ತಂಡದ್ದೊಂದು ಪದ್ಧತಿಯಿತ್ತು. ಆಟದ ನಕ್ಷೆಯ ಮೂಲೆಮೂಲೆಗೂ ತುಷಾರನ ಮನೆಯ ಕೋಣೆಗಳ ಹೆಸರಿಟ್ಟಿದ್ದರು. ದೊಡ್ಡ ಬಾಗಿಲ ಬಯಲಿಗೆ ಜಗುಲಿ, ಎತ್ತರದ ಕಟ್ಟೆಗೆ ಮೆತ್ತು ಅಂದರೆ ಮಹಡಿ, ಮರದ ಪೆಟ್ಟಿಗೆಗಳ ಸಂದಿಗೆ ಬಚ್ಚಲು. ಆಡುವಾಗ ಎಷ್ಟು ಕೂಗಿಕೊಂಡರೂ ಎದುರಿನವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಎಂದೂ ಇಲ್ಲದ್ದು ನಡೆಯಿತು. ಸಮಸಮ ಬಂದು ಕೊನೆಯ ಸುತ್ತು. ಸತೀಶನೊಬ್ಬ, ಎದುರಿಗೊಬ್ಬ ಉಳಿದರು. ತುಷಾರ ನಿಂತಿದ್ದು ಎದುರಾಳಿಗಳ ಬೆನ್ನ ಹಿಂದೆ. ಆ ಹುಡುಗ ಪೆಟ್ಟಿಗೆ ಸಂದಿಯಲ್ಲಿ ಅಡಗಿದ್ದು ಅವರ ಪರದೆಯಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ಸತೀಶ ಅತ್ತ ಬೆನ್ನು ಹಾಕಿ ನಡೆದಿದ್ದ. ತುಷಾರನ ಬಾಯಿ ತಡೆಯಲಿಲ್ಲ.

"ಬಚ್ಚಲಲ್ಲಿ ಇದ್ದ! ತಿರ್ಗು, ತಿರ್ಗು!"

ಸತೀಶ ತಿರುಗಿದ, ಹೊಡೆದ. ಪಂದ್ಯ ಗೆದ್ದಾಯಿತು. ಸೋಮ ಕುರ್ಚಿ ಉರುಳಿಸಿ ಕುಣಿದ. ಹುಬ್ಬಳ್ಳಿಯವರು ಪಾಪ, ಯಾವನೋ ಬಚ್ಚಲು ಹುಡುಕುತ್ತಿದ್ದಾನೆಂದು ತಿಳಿದು, "ಭಾಳ ಛಲೋ ಆಡಿದ್ರಿ ಬಿಡ್ರಿ," ಎಂದು ಕೈ ಕುಲುಕಿದರು.

ಸತೀಶ ನಗಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಆಯೋಜಕರ ಮೇಜಿಗೆ ಹೋಗಿ, ನಮ್ಮವನೇ ಹೊರಗಿನಿಂದ ಹೇಳಿಕೊಟ್ಟ, ಈ ಸುತ್ತು ನಮ್ಮದಲ್ಲ ಎಂದುಬಿಟ್ಟ. ಸುತ್ತು ಎದುರಿನವರ ಪಾಲಾಯಿತು, ಅದರ ಜೊತೆ ಪಂದ್ಯವೂ.

ವಾಪಸು ಬರುವ ಬಸ್ಸು ಯಲ್ಲಾಪುರ ದಾಟಿತು. ತುಷಾರನಿಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆ. ಕೂಗಿದ ಆ ಗಳಿಗೆಯ ಖುಷಿ ಇನ್ನೂ ಮೈಯಲ್ಲಿ ಉಳಿದಿತ್ತು. ಅದಕ್ಕಂತೂ ಮತ್ತಷ್ಟು ನಾಚಿಕೆಯಾಯಿತು. ಆಟ ಬಿಟ್ಟ ಒಂದು ವರ್ಷದಲ್ಲಿ ಅವನು ಅಷ್ಟು ಖುಷಿಪಟ್ಟದ್ದೇ ಇರಲಿಲ್ಲ.

ಮಂಚಿಕೇರಿಯಲ್ಲಿ ಬಸ್ಸು ನಿಂತಾಗ ಸತೀಶ ಮುಂದಿನ ಸೀಟಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬರೀ ದಣಿವಿತ್ತು.

"ಅಷ್ಟೊಂದು ಆಡ್ಬೇಕು ಅಂತ ಇತ್ತಲ ನಿಂಗೆ. ನಾ ಕರ್ದಾಗ ಯಾಕೆ ಬರ್ಲಿಲ್ಲ?"