ಸಿದ್ದಮ್ಮನ ನೀರಿನ ಸರದಿ

ಹುಣಸೂರಿನ ಸಂತ ಅಗಾಥಮ್ಮನವರ ಹೆಣ್ಣುಮಕ್ಕಳ ಶಾಲೆಯನ್ನು ಊರಿನವರು ಆ ಹೆಸರಿನಿಂದ ಕರೆದದ್ದೇ ಇಲ್ಲ. ಎಲ್ಲರ ಬಾಯಲ್ಲೂ ಅದು ಅಮ್ಮಗಳ ಸ್ಕೂಲು. ಮೈಸೂರಿಗೆ ಪ್ಲೇಗು ಬಂದ ಕಾಲದಲ್ಲಿ ಇಬ್ಬರು ಕನ್ಯಾಸ್ತ್ರೀಯರು ತಾಯಿತಂದೆಯಿಲ್ಲದ ಒಂಬತ್ತು ಹುಡುಗಿಯರನ್ನು ಎತ್ತಿನ ಗಾಡಿಯಲ್ಲಿ ಕರೆತಂದು, ಲಕ್ಷ್ಮಣತೀರ್ಥದ ದಡದಲ್ಲಿದ್ದ ಹಳೆಯ ಕಾಫಿ ಗೋದಾಮಿನಲ್ಲಿ ಇಳಿಸಿದ್ದರು. ಅಲ್ಲಿ ಬಾವಿಯಿತ್ತು, ಸೇದಿಕೊಡುವವರು ಇರಲಿಲ್ಲ. ಅವರಲ್ಲಿ ಹಿರಿಯರಾದ ಮೊದಲ ಮದರ್ ಅವತ್ತೇ ಒಂದು ಹಲಗೆಯ ಮೇಲೆ ಹನ್ನೊಂದು ಹೆಸರು ಬರೆದರು. ಎಲ್ಲಕ್ಕಿಂತ ಮೇಲೆ ಅವರದೇ ಹೆಸರು. ವಾರಕ್ಕೊಬ್ಬರು ನೀರು ಸೇದಿ, ಸೋಸಿ, ತಾಮ್ರದ ಹಂಡೆ ತುಂಬಿ, ಊಟದ ಹೊತ್ತಿಗೆ ಎಲ್ಲರ ಲೋಟಕ್ಕೂ ಹಾಕಬೇಕು. ಪ್ಲೇಗು ಹೋಯಿತು, ಗೋದಾಮು ಹೋಗಿ ಹೆಂಚಿನ ಕಟ್ಟಡ ಬಂತು, ಪ್ರೈಮರಿ ಮಿಡ್ಲ್ ಸ್ಕೂಲಾಯಿತು, ಕೊನೆಗೆ ಹೈಸ್ಕೂಲಿನ ತರಗತಿಯೂ ಶುರುವಾಯಿತು. ನೀರಿನ ಸರದಿ ಮಾತ್ರ ನಿಲ್ಲಲಿಲ್ಲ. ಅಮಲ್ದಾರರ ಮಗಳೂ ಸೇದಿದ್ದಳು, ಅಡುಗೆಯವಳ ಮಗಳೂ ಸೇದಿದ್ದಳು.

ಚಿಕ್ಕಸಿದ್ದಮ್ಮ ಒಬ್ಬಳು ಸೇದಿರಲಿಲ್ಲ.

ಅವಳ ಅಪ್ಪ ಚಿಕ್ಕಮಾದಯ್ಯ ನಾಟಾ ಡಿಪೋದಲ್ಲಿ ದಿಮ್ಮಿ ಹೊರುವವನು. ಊರಾಚೆಯ ಕೇರಿಯಿಂದ ಆ ಶಾಲೆಗೆ ಬಂದ ಮೊದಲ ಹುಡುಗಿ ಅವಳು. ಸರದಿಯ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಲೂಸಿ, ಸಿದ್ದಮ್ಮನ ವಾರ ಬಂದಾಗಲೆಲ್ಲ ಹೆಸರು ಹೊಡೆದುಹಾಕಿ ಮುಂದಿನವಳದನ್ನು ಬರೆದುಬಿಡುತ್ತಿದ್ದರು. ಸಿದ್ದಮ್ಮನಿಗೆ ಅಂಗಳ ಗುಡಿಸುವ ಕೆಲಸ. ಸಿಸ್ಟರ್ ಲೂಸಿ ಕೆಟ್ಟವರಲ್ಲ. ನಾಲ್ಕು ಮನೆಯವರು ತಕರಾರು ತೆಗೆದರೆ ಶಾಲೆಗೆ ತೊಂದರೆ ಎಂಬ ಭಯ, ಅಷ್ಟೆ. ಸಿದ್ದಮ್ಮನಿಗೂ ಅದು ಸಮಾಧಾನವೇ ಆಗಿತ್ತು. ಮೂರು ವರ್ಷ ಹಾಗೇ ನಡೆಯಿತು.

ಆ ವರ್ಷ ಹೊಸ ಮದರ್ ಬಂದರು. ಹೆಸರು ಕ್ಲೆಮೆನ್ಸ್. ಫ್ರಾನ್ಸಿನವರು, ಎತ್ತರದ ಆಳು, ಕನ್ನಡವನ್ನು ಪುಸ್ತಕ ಓದಿ ಕಲಿತವರು. ಒಂದು ದಿನ ಹಳೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಸಿದ್ದಮ್ಮನನ್ನು ಕರೆಸಿದರು.

“ಮೂರು ವರ್ಷಗಳಿಂದ ನಿನ್ನ ಸರದಿ ಬಂದೇ ಇಲ್ಲ. ಏಕೆ?”

ಸಿದ್ದಮ್ಮ ನೆಲ ನೋಡಿದಳು. “ನಾನು ಗುಡಿಸ್ತೀನಿ ಮದರ್.”

“ನಾನು ಗುಡಿಸುವುದನ್ನು ಕೇಳಲಿಲ್ಲ. ಮುಂದಿನ ಸೋಮವಾರದಿಂದ ನೀನು ನೀರು ಸೇದುತ್ತೀಯೆ.”

“ಬ್ಯಾಡಿ ಮದರ್. ನಾನ್ ಸೇದಿದ್ರೆ ಯಾರೂ ಕುಡಿಯಾಕಿಲ್ಲ. ಎಲ್ರೂ ಸ್ಕೂಲ್ ಬುಟ್ಬುಡ್ತಾರೆ. ನಿಮ್ಮ ಕಾಲಿಗ್ ಬೀಳ್ತೀನಿ.”

ಮದರ್ ಪಟ್ಟಿಗಳನ್ನು ಜೋಡಿಸಿಟ್ಟು, “ಆ ಹಲಗೆಯ ಮೇಲೆ ಹೆಸರು ಬರೆದವರು ಯಾರ ಹೆಸರನ್ನೂ ಬಿಟ್ಟಿರಲಿಲ್ಲ. ಬಿಡುವುದಕ್ಕೆ ನಾನು ಯಾರು?” ಎಂದರು.

ಮನೆಯಲ್ಲಿ ಅವ್ವ ಮಾರಮ್ಮ ಕೇಳಿದ ಕೂಡಲೇ ಹಣೆ ಚಚ್ಚಿಕೊಂಡಳು. “ಬುಡ್ಸ್ಬುಡು ಇವ್ಳ ಸ್ಕೂಲ. ನಾಳೆ ಯಾರಾದ್ರೂ ಬಂದು ಹೊಡೆದ್ರೆ?” ದಿಮ್ಮಿ ಹೊತ್ತು ಹೆಗಲ ಮೇಲೆ ಎದ್ದಿದ್ದ ಗಂಟು ನೀವಿಕೊಳ್ಳುತ್ತ ಕೂತಿದ್ದ ಚಿಕ್ಕಮಾದಯ್ಯ ಮಗಳ ಕಡೆ ತಿರುಗಿದ.

“ಗುಡ್ಸಾಕ್ ಕರೆದ್ರೆ ಹೋಯ್ತಿದ್ದೆ. ನೀರು ಸೇದಾಕ್ ಕರೆದ್ರೆ ಯಾಕವ್ವ ಹೋಗಾಕಿಲ್ಲ ಅಂತೀಯ?”

“ನಂಗೆ ಭಯ ಕಣಪ್ಪ.”

“ನಂಗೂ ಭಯವೇ ಕಣ್ ಮಗ. ಆದ್ರೂ ಹೋಗು.”

ಸೋಮವಾರ ಸಿದ್ದಮ್ಮ ಬಾವಿಯ ಹಗ್ಗ ಹಿಡಿದಳು. ಮೊದಲ ಕೊಡ ಅರ್ಧ ಚೆಲ್ಲಿಹೋಯಿತು. ಎರಡು ಪದರದ ಬಿಳಿ ಬಟ್ಟೆಯಲ್ಲಿ ಸೋಸಿ, ಹಂಡೆ ತುಂಬಿ, ಮುಚ್ಚಳ ಮುಚ್ಚಿ, ಮಧ್ಯಾಹ್ನದ ಗಂಟೆಗೆ ಪಕ್ಕದಲ್ಲಿ ನಿಂತಳು. ಮೊದಲಿಗೆ ಯಾರೂ ಸಾಲಿಗೆ ಬರಲಿಲ್ಲ. ಮದರ್ ತಾವೇ ಬಂದು ಲೋಟ ಹಿಡಿದರು. ಆಮೇಲೆ ಹಾಸ್ಟೆಲಿನ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಊರಿನ ಮನೆಗಳಿಂದ ಬರುತ್ತಿದ್ದವರು ದೂರದಲ್ಲೇ ನಿಂತರು.

ಅವರಲ್ಲಿ ಸುನಂದಮ್ಮನೂ ಇದ್ದಳು. ಮಿರ್ಲೆಯ ಜಮೀನುದಾರ ಮಹದೇವಪ್ಪನವರ ಮಗಳು. ಹುಣಸೂರಿನ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಬೀಜಗಣಿತ ತಲೆಗೆ ಹತ್ತದೆ ದಿನವೂ ಸಿದ್ದಮ್ಮನ ಪಕ್ಕ ಕೂತು ಲೆಕ್ಕ ಹೇಳಿಸಿಕೊಳ್ಳುತ್ತಿದ್ದವಳು ಅವಳೇ. ಊಟವಾದ ಮೇಲೆ ಅವಳು ಸಿದ್ದಮ್ಮನ ಹತ್ತಿರ ಬಂದು ಪಿಸುಗುಟ್ಟಿದಳು.

“ನಂದೇನಿಲ್ಲ ಕಣೆ ಸಿದ್ದಿ. ಗೊತ್ತಾದ್ರೆ ಮಾವ ಸುಮ್ನಿರಾಕಿಲ್ಲ.”

“ಬುಡು, ನಂಗೊತ್ತು,” ಎಂದಳು ಸಿದ್ದಮ್ಮ.

ಮಾವನಿಗೆ ಹೇಗಿದ್ದರೂ ಗೊತ್ತಾಯಿತು. ಬುಧವಾರ ಸುನಂದಮ್ಮ ಬರಲಿಲ್ಲ. ಗುರುವಾರ ಇನ್ನೂ ಆರು ಜನ ಬರಲಿಲ್ಲ. ಶನಿವಾರದ ಹೊತ್ತಿಗೆ ಹೈಸ್ಕೂಲಿನ ಹತ್ತೊಂಬತ್ತು ಹುಡುಗಿಯರಲ್ಲಿ ಎಂಟೇ ಜನ ಉಳಿದರು.

ಇದು ನಡೆದದ್ದು ತೀರ ಕೆಟ್ಟ ಹೊತ್ತಿನಲ್ಲಿ. ಹೈಸ್ಕೂಲಿಗೆ ಸರ್ಕಾರದ ಮಾನ್ಯತೆ ಇನ್ನೂ ಸಿಕ್ಕಿರಲಿಲ್ಲ. ತರಗತಿಯಲ್ಲಿ ಹದಿನೈದು ಹುಡುಗಿಯರಾದರೂ ಇರಬೇಕು, ಶಾಲೆಗಳ ತನಿಖೆ ಮಾಡುವ ಇನ್ಸ್‌ಪೆಕ್ಟ್ರೆಸ್ ಬಂದು ನೋಡುತ್ತಾರೆ ಎಂದು ಮೈಸೂರಿನಿಂದ ಕಾಗದ ಬಂದಿತ್ತು. ಮಾನ್ಯತೆ ಇಲ್ಲದಿದ್ದರೆ ಇಲ್ಲಿನ ಒಬ್ಬ ಹುಡುಗಿಯೂ ಪರೀಕ್ಷೆಗೆ ಕೂರುವಂತಿಲ್ಲ. ಹೈಸ್ಕೂಲು ಮುಚ್ಚಬೇಕು.

ಸೋಮವಾರ ಸಿಸ್ಟರ್ ಲೂಸಿ ಕಣ್ಣೀರು ಹಾಕಿಕೊಂಡು ಮದರ್ ಹತ್ತಿರ ಹೋದರು. ತಗ್ಗಿದ ದನಿಯಲ್ಲೇ ಕೇಳಿದರೂ ಕಿಟಕಿಯ ಕೆಳಗೆ ಗುಡಿಸುತ್ತಿದ್ದ ಸಿದ್ದಮ್ಮನಿಗೆ ಎಲ್ಲ ಕೇಳಿಸಿತು. “ಇನ್ಸ್‌ಪೆಕ್ಷನ್ ಮುಗಿಯುವವರೆಗೆ ಆ ಹುಡುಗಿ ಮನೆಯಲ್ಲಿರಲಿ ಮದರ್. ಆಮೇಲೆ ಕರೆದುಕೊಳ್ಳೋಣ.” ಮದರ್ ಏನು ಉತ್ತರ ಕೊಟ್ಟರೋ ತಿಳಿಯಲಿಲ್ಲ. ಮಾರನೆಯ ದಿನ ಸಿದ್ದಮ್ಮ ತಾನಾಗಿಯೇ ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನ ಮದರ್ ಕ್ಲೆಮೆನ್ಸ್ ಛತ್ರಿ ಹಿಡಿದುಕೊಂಡು ಕೇರಿಗೇ ನಡೆದುಬಂದರು. ಗುಡಿಸಲ ಮುಂದೆ ನಿಂತು, “ನಿನ್ನ ವಾರ ಇನ್ನೂ ಮುಗಿದಿಲ್ಲ. ಮೂರು ದಿನ ನೀನು ಕಡಿಮೆ ಸೇದಿದ್ದೀಯೆ,” ಎಂದರು. ಹೋದ ವಾರ ಆರು ದಿನವೂ ಸೇದಿದ್ದ ಸಿದ್ದಮ್ಮನಿಗೆ ಮೂರು ದಿನ ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ; ತನ್ನನ್ನು ಕರೆದೊಯ್ಯಲು ಮದರ್ ಹುಡುಕಿದ ನೆಪವಿರಬೇಕು. ಎದ್ದು ಅವರ ಹಿಂದೆ ಹೋದಳು.

ಗುರುವಾರ ಇನ್ಸ್‌ಪೆಕ್ಟ್ರೆಸ್ ಬಂದರು. ಐವತ್ತರ ಹತ್ತಿರದ ಹೆಂಗಸು. ಕನ್ನಡಕ, ಬಿಳಿ ಖಾದಿ ಸೀರೆ, ಬರಿಹಣೆ. ಮೈಸೂರಿನಿಂದ ಬಂದ ಬಸ್ಸು ಬಿಳಿಕೆರೆಯ ಹತ್ತಿರ ಕೆಟ್ಟು ನಿಂತು, ಎರಡು ಗಂಟೆ ಬಿಸಿಲಲ್ಲಿ ಕೂತು ಬಂದಿದ್ದರು. ಅವರು ಬರುವುದನ್ನೇ ಕಾದಿದ್ದ ನಾಲ್ಕು ಜನ ಜಗಲಿಯ ಮೇಲೆ ಕೂತಿದ್ದರು. ಮುಂದಾಳು ಮಹದೇವಪ್ಪನವರು. ಅವರ ಅಂಗಿಯ ಜೇಬಿನಲ್ಲಿ ಶಾಲೆಯ ಮೇಲಿನ ಅರ್ಜಿ ಇತ್ತು.

ಇನ್ಸ್‌ಪೆಕ್ಟ್ರೆಸ್ ತರಗತಿಗೆ ಬಂದು ಹಾಜರಿ ಪುಸ್ತಕ ತೆರೆದರು. ಖಾಲಿ ಬೆಂಚುಗಳನ್ನು ನೋಡಿದರು.

“ಹತ್ತೊಂಬತ್ತು ಅಂತಿದೆ. ಎಂಟು ಜನ ಇದ್ದಾರೆ. ಮಿಕ್ಕವರೆಲ್ಲಿ?”

ಮದರ್ ಬಾಯಿ ತೆರೆಯುವ ಮೊದಲೇ ಮಹದೇವಪ್ಪನವರು ಬಾಗಿಲಿಗೆ ಬಂದು ಕೈಮುಗಿದರು. “ಅದನ್ನೇ ಹೇಳಾಣಾಂತ ಬಂದಿದೀವಿ ತಾಯಿ. ಒಂದು ಅರ್ಜಿ ಐತೆ.”

“ಇರಿ, ತಗೋತೀನಿ. ಮೊದಲು ಒಂದು ಲೋಟ ನೀರು ಕೊಡಿ ಯಾರಾದರೂ. ಗಂಟಲು ಒಣಗಿಹೋಗಿದೆ.”

ಮದರ್ ಕ್ಲೆಮೆನ್ಸ್ ಕಡೆ ಎಲ್ಲರೂ ನೋಡಿದರು. ಅಷ್ಟು ಗಟ್ಟಿಯಾಗಿದ್ದ ಮದರ್ ಆಗ ತಡವರಿಸಿದರು. ಹೆಂಗಸು ಯಾರೋ, ಯಾವ ಮನೆಯವರೋ, ಒಂದು ಲೋಟ ನೀರಿನ ಮೇಲೆ ಮೂವತ್ತು ವರ್ಷದ ಶಾಲೆ ನಿಂತಿತ್ತು. ಅವರು ಹಾಸ್ಟೆಲಿನ ಫಿಲೋಮಿನಾಳ ಕಡೆ ಕೈ ಮಾಡಹೊರಟಿದ್ದನ್ನು ಸಿದ್ದಮ್ಮ ನೋಡಿದಳು. ಮದರ್ ಮುಖದಲ್ಲಿ ಭಯ ಕಂಡದ್ದು ಅವಳಿಗೆ ಅದೇ ಮೊದಲು. ಅದನ್ನು ನೋಡಲಾಗಲಿಲ್ಲ. ಎದ್ದು ನಿಂತಳು.

“ನಂದು ಸರದಿ. ನಾನ್ ತತ್ತೀನಿ.”

ಹೋಗಿ ಲೋಟ ತುಂಬಿ ತಂದಳು. ಬಾಗಿಲಲ್ಲಿದ್ದ ನಾಲ್ವರೂ ಅವಳಿಗೆ ತಾಗದಂತೆ ಹಿಂದೆ ಸರಿದರು. ಮಹದೇವಪ್ಪನವರು ಗಟ್ಟಿಯಾಗಿ, “ತಾಯಿ, ಅವಳು ಕೇರಿ ಹುಡ್ಗಿ. ನಾವು ಹೇಳಾಕ್ ಬಂದಿರೋದೂ ಅದೇಯ,” ಎಂದರು.

ಇನ್ಸ್‌ಪೆಕ್ಟ್ರೆಸ್ ಕನ್ನಡಕದ ಮೇಲಿಂದ ಅವರನ್ನೊಮ್ಮೆ ನೋಡಿ, ಸಿದ್ದಮ್ಮನ ಕಡೆ ತಿರುಗಿದರು. ಲೋಟವನ್ನು ತೆಗೆದುಕೊಳ್ಳಲಿಲ್ಲ.

“ನೀರು ಸೋಸಿದ್ದೀಯ?”

ಸಿದ್ದಮ್ಮನಿಗೆ ಪ್ರಶ್ನೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಊಂ ಅಮ್ಮ. ಎರಡು ಪದರದ ಬಟ್ಟೇಲಿ ಸೋಸೀವ್ನಿ.”

“ಬಟ್ಟೆ ಒಗೆದದ್ದಾ?”

“ದಿನಾ ಸೀಗೆಪುಡಿ ಹಾಕಿ ಒಗೀತೀನಿ. ಬಿಸಿಲಲ್ಲಿ ಒಣಗಾಕ್ತೀನಿ.”

“ಭೇಷ್. ಹೋದ ತಿಂಗಳು ಇನ್ನೊಂದು ಊರಿನ ಶಾಲೆಯಲ್ಲಿ ಸೋಸದೆ ಕೊಟ್ಟರು. ಒಂದು ವಾರ ಹಾಸಿಗೆ ಹಿಡಿದೆ,” ಎಂದರು ಇನ್ಸ್‌ಪೆಕ್ಟ್ರೆಸ್. ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. “ಇನ್ನೊಂದು ಲೋಟ ತಾ ಮಗು.”

ಸಿದ್ದಮ್ಮ ಹೊರಗೆ ಹೋದಳು. ಹಂಡೆಯ ಪಕ್ಕ ಕುಕ್ಕರಿಸಿದಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ಎರಡನೆಯ ಲೋಟ ತೆಗೆದುಕೊಂಡು ಒಳಗೆ ಹೋದಳು.

ಇನ್ಸ್‌ಪೆಕ್ಟ್ರೆಸ್ ಮಹದೇವಪ್ಪನವರ ಕಡೆ ಕೈ ಚಾಚಿದರು. “ಎಲ್ಲಿ, ಅರ್ಜಿ ಕೊಡಿ.”

ಮಹದೇವಪ್ಪನವರು ಜೇಬು ಮುಟ್ಟಿಕೊಂಡರು. ಪಕ್ಕದವರ ಮುಖ ನೋಡಿದರು. “ಇರಲಿ ಬುಡಿ ತಾಯಿ. ಅಂತಾದ್ದೇನಿಲ್ಲ.”

“ನಿಮ್ಮ ಮಗಳು ಯಾವ ತರಗತಿ?”

“ಇದೇಯ. ಮೈಸೂರಲ್ಲಿ ಒಂದು ಸಂಬಂಧ ನೋಡಿದೀವಿ. ಹುಡುಗ ವಕೀಲಿ ಓದ್ತಾವ್ನೆ. ಹುಡುಗಿ ಹೈಸ್ಕೂಲಾದ್ರೂ ಪಾಸಾಗಿರಬೇಕು ಅಂತಾನೆ.”

“ಈ ಸೀಮೆಯಲ್ಲಿ ಹುಡುಗಿಯರಿಗೆ ಇರೋದು ಇದೊಂದೇ ಹೈಸ್ಕೂಲು. ಹದಿನೈದು ಜನ ಇಲ್ಲದಿದ್ದರೆ ಇದೂ ಇರೋದಿಲ್ಲ. ಒಂದು ತಿಂಗಳು ಕಾಯ್ತೀನಿ. ಆಮೇಲೆ ನನ್ನ ವರದಿ ಹೋಗುತ್ತೆ.”

ಹೊರಡುವ ಮುಂಚೆ ಮಹದೇವಪ್ಪನವರು ಮದರ್ ಹತ್ತಿರ ನಿಂತರು. ಬಿಗುಮಾನ ಬಿಟ್ಟಿರಲಿಲ್ಲ. “ಸೋಮವಾರದಿಂದ ಕಳಿಸ್ತೀನಿ ಅಮ್ಮಾವ್ರೇ. ಆದ್ರೆ ಅವಳ ಚೊಂಬು ಅವಳೇ ತತ್ತಾಳೆ. ನೀರೂ ಮನೆಯಿಂದ.”

“ತರಲಿ,” ಎಂದರು ಮದರ್. “ಅವಳ ಸರದಿ ಬಂದಾಗ ಮಾತ್ರ ಎಲ್ಲರಿಗೂ ಸೇದಬೇಕು. ಸಿದ್ದಮ್ಮನಿಗೂ.”

ಸೋಮವಾರ ಸುನಂದಮ್ಮ ಚೊಂಬಿನೊಂದಿಗೆ ಬಂದಳು. ಮೂರು ದಿನ ಚೊಂಬು ತಂದಳು. ನಾಲ್ಕನೆಯ ದಿನ ಬಿಸಿಲು ಹೆಚ್ಚಾಗಿತ್ತು, ಚೊಂಬು ಹತ್ತು ಗಂಟೆಗೇ ಬರಿದಾಯಿತು. ಮಧ್ಯಾಹ್ನ ಅವಳು ಯಾರನ್ನೂ ನೋಡದೆ ಸಾಲಿನಲ್ಲಿ ಬಂದು ನಿಂತಳು. ಫಿಲೋಮಿನಾ ಅವಳ ಲೋಟಕ್ಕೆ ನೀರು ಹಾಕಿದಳು. ಕುಡಿದು ಬಂದು ಸಿದ್ದಮ್ಮನ ಪಕ್ಕ ಕೂತು, “ಈ ಎರಡನೇ ಲೆಕ್ಕ ನಂಗ್ ಬತ್ತಿಲ್ಲ ಕಣೆ,” ಎಂದಳು.

ತಿಂಗಳು ತುಂಬುವುದರೊಳಗೆ ಎಂಟು ಜನ ವಾಪಸು ಬಂದರು. ಮೂವರು ಬರಲೇ ಇಲ್ಲ. ಅವರಲ್ಲಿ ಇಬ್ಬರ ಮದುವೆಯೂ ಆಗಿಹೋಯಿತು. ಹಾಜರಿಯಲ್ಲಿ ಆ ಮೂವರ ಹೆಸರು ಕೂಗಿ ಬಿಡುವಾಗಲೆಲ್ಲ ಸಿದ್ದಮ್ಮ ಅವರ ಖಾಲಿ ಬೆಂಚಿನ ಕಡೆ ನೋಡುತ್ತಿದ್ದಳು. ಆದರೂ ಹದಿನಾರು ಜನ ಇದ್ದರು. ಮೈಸೂರಿನಿಂದ ಮಾನ್ಯತೆಯ ಮೊಹರಿನ ಕಾಗದ ಬಂದ ಶನಿವಾರ ಸಿಸ್ಟರ್ ಲೂಸಿಯೇ ಗಂಟೆಯ ಹಗ್ಗ ಹಿಡಿದು, ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿಬಿಟ್ಟರು. ಆಮೇಲೆ ಸಿದ್ದಮ್ಮನ ತಲೆ ಸವರಿ, “ನನ್ನ ಮೇಲೆ ಬೇಜಾರು ಇಟ್ಟುಕೋಬೇಡ ಕಣಮ್ಮ,” ಎಂದರು. ಸಿದ್ದಮ್ಮ ಅವರ ಕೈ ಹಿಡಿದುಕೊಂಡಳು.

ಶಾಲೆ ಬಿಟ್ಟ ಕೂಡಲೇ ಅವಳು ಮನೆಗೆ ಹೋಗಲಿಲ್ಲ, ನಾಟಾ ಡಿಪೋಗೆ ಓಡಿದಳು. ಚಿಕ್ಕಮಾದಯ್ಯ ಇನ್ನೊಬ್ಬನ ಜೊತೆ ತೇಗದ ದಿಮ್ಮಿಯನ್ನು ಗಾಡಿಗೆ ಏರಿಸುತ್ತಿದ್ದ. ಮಗಳು ಏದುಸಿರು ಬಿಡುತ್ತ ಬಂದದ್ದನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು.

“ಏನಾಯ್ತ್ ಮಗ? ಯಾರಾದ್ರೂ ಏನಾದ್ರೂ ಅಂದ್ರಾ?”

“ಇಲ್ಲ ಕಣಪ್ಪ. ಕಾಗದ ಬಂತು. ಸ್ಕೂಲ್ ಮುಚ್ಚಾಕಿಲ್ಲ. ನಾವೆಲ್ಲ ಪರೀಕ್ಷೆಗೆ ಕೂರಬೋದು.”

ಚಿಕ್ಕಮಾದಯ್ಯ ದಿಮ್ಮಿಯನ್ನು ಗಾಡಿಯ ಮೇಲೆ ಸರಿಯಾಗಿ ಕೂರಿಸಿ, ಹಗ್ಗ ಬಿಗಿದು, ಆಮೇಲೆ ನೆಲದ ಮೇಲೆ ಕೂತುಬಿಟ್ಟ. ಒಂದು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನೆಲ್ಲ ಒಂದೇ ಸಲ ಹೊರಗೆ ಬಿಟ್ಟ.

“ಕೂತ್ಕೊ,” ಎಂದು ಪಕ್ಕದ ತೊಗಟೆಯ ರಾಶಿಯನ್ನು ಕೈಯಿಂದ ಸರಿಸಿ ಮಗಳಿಗೆ ಜಾಗ ಮಾಡಿದ. “ಸ್ವಲ್ಪ ಹೊತ್ತು ಸುಮ್ಕೆ ಕೂತ್ಕೊಂಡು ಹೋಗಾಣ.”