ಮಸ್ತೂರಾ ಅಜ್ಜಿಯ ಚಿನ್ನದ ಹುಬ್ಬು

ಎಲ್ಲಿಂದ ಶುರು ಮಾಡಲಿ? ‘ಬುಖಾರಾದ ಒಂದು ಮನೆಯಲ್ಲಿ ಪುರಾತನ ಆಭರಣವೊಂದಿತ್ತು’ ಎಂದು ಬರೆದೆ. ನನಗೇ ಆಕಳಿಕೆ ಬಂತು. ಹೊಡೆದು ಹಾಕಿದೆ.

೧. ಹೀಗಿರಲಿ: ಮಸ್ತೂರಾ ಅಜ್ಜಿಗೆ ಬೆಳಗಿನಿಂದ ಸಮಾಧಾನವಿಲ್ಲ. ಮೊಮ್ಮಗಳು ಸಬೋಹತ್‌ಗೆ ನಾಳೆ ಮದುವೆ. ಮದುಮಗಳ ಹಣೆಗೆ ಕಟ್ಟುವ ತಿಲ್ಲಾಕೋಶ್, ಅಂದರೆ ಚಿನ್ನದ ಹುಬ್ಬು, ಈ ಸಂಜೆ ಅವಳ ಕೈ ಸೇರಬೇಕು. ಕೊಟ್ಟದ್ದು ತಿರುಗಿ ಬರುವುದಿಲ್ಲ. ಅಜ್ಜಿಗೂ ಅದು ತನ್ನ ಮದುವೆಯಲ್ಲಿ ಹಾಗೆಯೇ ಬಂದದ್ದು. (ಕೊಡಲು ಸಂತೋಷವೇ. ಬೆಳಗಿನಿಂದ ನಾಲ್ಕು ಸಲ ಪೆಟ್ಟಿಗೆ ತೆರೆದು ನೋಡಿದ್ದೂ ನಿಜ.) ಚಿತ್ರವಾದರೂ ಉಳಿಯಲಿ ಎಂದು ಪಕ್ಕದ ಬೀದಿಯ ಜುಲ್ಹುಮೋರ್‌ಳನ್ನು ಕರೆಸಿದ್ದಾಳೆ. ಹಳೆಯ ಒಡವೆಗಳನ್ನು ಜಲವರ್ಣದಲ್ಲಿ ಬರೆಯುವುದರಲ್ಲಿ ಅವಳದು ಪಳಗಿದ ಕೈ.

೨. (ಇಲ್ಲೊಬ್ಬ ಕಳ್ಳನನ್ನು ತರೋಣವೆಂದಿದ್ದೆ. ಅಜ್ಜಿ ಒಪ್ಪಲಿಲ್ಲ. “ನೆಂಟರು ತುಂಬಿರೋ ಮನೇಲಿ ಕಳ್ಳನಾ? ನನ್ನ ಮರ್ಯಾದೆ ತೆಗೀಬೇಡಪ್ಪ. ನಡೆದಿದ್ದನ್ನ ಬರಿ ಸಾಕು.” ಎರಡನೇ ಡ್ರಾಫ್ಟ್ ಡಿಲೀಟ್.)

೩. ನಡೆದದ್ದು ಇದು. ಜುಲ್ಹುಮೋರ್ ಒಡವೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಬರೆದಳು: ಅಕ್ಕಸಾಲಿ ತಂತಿ ಹೊಸೆದು ಬೆಸೆದ ಅಂಚು, ಸುತ್ತಿಗೆಯ ಸಣ್ಣ ಪೆಟ್ಟುಗಳು, ಜೋಲುವ ಮುತ್ತು, ಹಸಿರಿಗೆ ತಿರುಗಿದ ನೀಲಿ ಫಿರೋಜಾ ಹರಳು. ಅಜ್ಜಿ ಕನ್ನಡಕ ಏರಿಸಿ ನೋಡಿದಳು.

“ಇದು ನಂದಲ್ಲ ಬಿಡು.”

“ಒಂದೊಂದು ಹರಳೂ ಇದ್ದ ಹಾಗೇ ಇದೆಯಲ್ಲಜ್ಜಿ.”

“ಮಲಗಿಬಿಟ್ಟಿದೆ ಕಣೇ ಇದು. ಹುಬ್ಬು ಅಂದ್ಮೇಲೆ ಕುಣೀಬೇಡ್ವಾ?”

ಎಂದವಳೇ ಅದನ್ನೆತ್ತಿ ತನ್ನ ಹಣೆಗೇ ಕಟ್ಟಿಕೊಂಡಳು. ಸುಕ್ಕುಗಳ ಮೇಲೆ ಮುತ್ತುಗಳು ತೂಗಾಡಿದವು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಹುಬ್ಬು ಕುಣಿದೇ ಕುಣಿಯಿತು. ಜುಲ್ಹುಮೋರ್ ಹೊಸ ಹಾಳೆ ತೆಗೆದು, ಒಡವೆ ತೊಟ್ಟ ಅಜ್ಜಿಯನ್ನೇ ಬರೆಯತೊಡಗಿದಳು.

೪. ಒಂದು ಮುಕ್ತಾಯ: ಚಿತ್ರ ಮುಗಿಯಿತು, ಅಜ್ಜಿ ಕಣ್ಣೀರಿಟ್ಟಳು. (ತೀರಾ ಸಿನಿಮಾ.) ಇನ್ನೊಂದು: ಸಬೋಹತ್ ಬಂದು, ನೀವೇ ಇಟ್ಟುಕೊಳ್ಳಿ ಎಂದಳು. ಇದಕ್ಕಂತೂ ಅಜ್ಜಿ ನನ್ನ ಮೇಲೇ ರೇಗಿದಳು: “ಮದುಮಗಳನ್ನ ಬರೀ ಹಣೇಲಿ ಕಳಿಸ್ತೀಯಾ? ಬುದ್ಧಿಗಿದ್ಧಿ ಇದೆಯಾ ನಿಂಗೆ?”

೫. ಸಂಜೆ. ಬಾಗಿಲಲ್ಲಿ ಸಬೋಹತ್.

“ಅಜ್ಜೀ, ಆಯ್ತಾ?”

“ಬಣ್ಣ ಇನ್ನೂ ಹಸಿ ಇದೆ ಕಂದಾ. ಒಣಗಿದ್ಮೇಲೆ ಬಿಚ್ಚಿಕೊಡ್ತೀನಿ.”

ಜುಲ್ಹುಮೋರ್ ಆಚೆ ತಿರುಗಿದ್ದೇ ತಡ, ಅಜ್ಜಿ ಬೆರಳನ್ನು ಮುಂದಿದ್ದ ಹಸಿರು ಚಹಾದಲ್ಲಿ ಅದ್ದಿ ಚಿತ್ರದ ಅಂಚಿಗೆ ಒಂದು ಹನಿ ಬಿಟ್ಟಳು. ಸಬೋಹತ್ ಅದನ್ನು ಕಂಡಳು. ಚಪ್ಪಲಿ ಬಿಟ್ಟು ಒಳಬಂದು, ಅಜ್ಜಿಗೆ ಒತ್ತಿಕೊಂಡು ಕುಳಿತಳು.

“ನಂಗೇನೂ ಆತುರ ಇಲ್ಲ ಬಿಡಜ್ಜಿ,” ಎಂದು ತನಗೂ ಚಹಾ ಬಗ್ಗಿಸಿಕೊಂಡಳು.

ಕೊನೆಗೇನಾಯಿತು ಎಂದು ನೀವು ಕೇಳುತ್ತೀರಿ, ಗೊತ್ತು. ಆದರೆ ನಾನು ಫುಲ್‌ಸ್ಟಾಪ್ ಇಟ್ಟರೆ ಅಜ್ಜಿ ಆ ಹುಬ್ಬನ್ನು ಬಿಚ್ಚಬೇಕಾಗುತ್ತದೆ. ಅದಕ್ಕೇ ಇಡುವುದಿಲ್ಲ