ಗುಲಾಬಿಯ ಹಾಸಿಗೆ

"ಅಡ್ಡ ಕತ್ತರಿಸಬ್ಯಾಡ. ಮಧ್ಯಕ್ಕ ಮಡಚಿ ಕತ್ತರಿಸು. ಬುಟ್ಟಿಗಿ ಎರಡು ಪದರ ಬೇಕಾಗ್ತದ," ಎಂದರು ಸುಂದರಬಾಯಿ.

ಸೊಸೆ ಕೇಶರಬಾಯಿ ಕಂಬಳಿಯನ್ನು ಮಡಚಿ, ಮೊಣಕಾಲಡಿ ಒತ್ತಿಹಿಡಿದು ಕತ್ತರಿ ಹಾಕಿದಳು. ಉಣ್ಣೆ ದಪ್ಪ, ಕತ್ತರಿ ಮೊಂಡು. ಅತ್ತೆಯ ತೊಡೆಯ ಮೇಲೆ ಗುಲಾಬಿ ಎಂಬ ಬಿಳಿ ಬೆಕ್ಕು ಕಣ್ಣು ಅರೆಮುಚ್ಚಿ ಕೂತಿತ್ತು.

ಕೇಶರಳಿಗೆ ಹದಿನೇಳು. ಹಿಂದಿನ ವರ್ಷದ ಪ್ಲೇಗಿನಲ್ಲಿ ಗಂಡ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಭಾಲ್ಕಿಯಲ್ಲಿ ವಕೀಲರಾದ ಮಾವನ ಈ ಮನೆಯ ಹಿಂದಿನ ಪಡಸಾಲೆಯಲ್ಲಿ ಅವಳಿಗೊಂದು ಚಾಪೆ ಕೊಟ್ಟಿದ್ದರು. ಗಂಡ ಸತ್ತವಳು ಗಾದಿಯ ಮೇಲೆ ಮಲಗುವಂತಿಲ್ಲ. ಉಣ್ಣೆಗೆ ಮೈಲಿಗೆಯಿಲ್ಲವೆಂದು ಅವಳಪ್ಪ ಗುಂಡೇರಾಯ ಔರಾದ ಕಡೆಯ ಡಾಬಕಾದಿಂದ ಕೆಂಪು ಅಂಚಿನ ಈ ಕಂಬಳಿ ತಂದುಕೊಟ್ಟಿದ್ದ.

ಬೆಕ್ಕಿನ ಹಾಸಿಗೆಗಾಗಿ ಎಂಟು ದಿನದಿಂದ ಮನೆಯಲ್ಲಿ ಒಂದೇ ಗದ್ದಲ. ಮೊದಲು ಬಿದಿರಿನ ಬುಟ್ಟಿಗೆ ಹುಲ್ಲು ಹಾಕಿದರು. ಗುಲಾಬಿ ಸೀನಿ ಹೊರಗೆ ಹಾರಿತು. ವಕೀಲರ ಹಳೇ ಧೋತರ ಹಾಸಿದರು, ಮೂಸಿಯೂ ನೋಡಲಿಲ್ಲ. ಕಡೆಗೆ ಪಿಂಜಾರ ಚಾಂದ ಪಾಶಾನನ್ನು ಕರೆಸಿದರು.

ಅವನು ಅಂಗಳದಲ್ಲಿ ಹತ್ತಿ ಹಿಂಜುವ ಬಿಲ್ಲು ತೂಗಿಹಾಕುತ್ತ, "ಕೂಸಿನ ಗಾದೀನಾ ಬಾಯಿಸಾಬ್?" ಎಂದ.

"ಬೆಕ್ಕಿಂದು."

ಚಾಂದ ಪಾಶಾ ಹತ್ತಿ ಹಿಂಜತೊಡಗಿದ. ಕೇಶರ ದಿನವಿಡೀ ಕೂತು ಹತ್ತಿಯಲ್ಲಿನ ಕಸ ಆರಿಸಿಕೊಟ್ಟಳು. ಸಂಜೆ ಮೊಳದುದ್ದದ ಗಾದಿ ಸಿದ್ಧವಾದಾಗ ಅದರ ಮೇಲೆ ಅಂಗೈ ಇಟ್ಟಳು. ಅಂಗೈ ಮೆಲ್ಲಗೆ ಒಳಗೆ ಇಳಿಯಿತು.

"ಕೈ ತಗಿ!" ಅಂದರು ಅತ್ತೆ.

ಗುಲಾಬಿ ಆ ಗಾದಿಯನ್ನೂ ಒಲ್ಲೆಂದಿತು. ಮರುದಿನ ನಸುಕಿನಲ್ಲಿ ಅದು ಸಿಕ್ಕಿದ್ದು ಕೇಶರಳ ಕಂಬಳಿಯೊಳಗೆ, ಅವಳ ಹೊಟ್ಟೆಗೆ ಅಂಟಿಕೊಂಡು. ಅದರ ಮರುದಿನವೂ ಅಲ್ಲೇ. ಸುಂದರಬಾಯಿ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದರು. "ನನ್ನ ಮಗನ್ನ ನುಂಗಿದ್ದು ಸಾಲದೇನು, ಈಗ ಬೆಕ್ಕಿಗೂ ಮದ್ದು ಹಾಕೀಯೇನು?" ಆಮೇಲೆ ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಕತ್ತರಿ ತರಿಸಿದ್ದರು.

"ನಾ ಏನು ಹೊದ್ಕೊಳ್ಳಲಿರಿ ಅತ್ಯಾ?" ಕತ್ತರಿಸುತ್ತಲೇ ಕೇಳಿದಳು ಕೇಶರ.

"ಅರ್ಧ ಉಳೀತದಲ್ಲ, ಕಾಲು ಮುದುಡಿಕೋ. ಅದು ಮೂಕ ಪ್ರಾಣಿ. ಚಳಿ ಆಗ್ತದ ಅಂತ ಹೇಳ್ಲಿಕ್ಕ ಬರ್ತದೇನು ಅದಕ್ಕ?"

ಅಂದು ಗುಲಾಬಿ ಬುಟ್ಟಿಯಲ್ಲೇ ಮಲಗಿತು. ಸುಂದರಬಾಯಿ ನೆರೆಮನೆಯವರನ್ನೆಲ್ಲ ಕರೆದು ತೋರಿಸಿದರು.

ನಾಲ್ಕನೆಯ ದಿನ ಮಧ್ಯಾಹ್ನ ಗುಂಡೇರಾಯ ಗಾಡಿ ಕಟ್ಟಿಕೊಂಡು ಬಂದ. ಕಾಲು ತೊಳೆದು ಪಡಸಾಲೆಯಲ್ಲಿ ಕೂತವನ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಬಗ್ಗಿ ಕೆಂಪು ಅಂಚು ಮುಟ್ಟಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಗಳನ್ನು ನೋಡಿದ. ಅವಳ ಹಿಮ್ಮಡಿ ಒಡೆದು ರಕ್ತ ಕರಿಗಟ್ಟಿತ್ತು.

"ಗುಲಾಬಿಗಿ ಭಾಳ ಸೇರ್ಯದ್ರಿ," ಎಂದರು ಸುಂದರಬಾಯಿ. "ನಿಮ್ಮ ಕಡಿ ಉಣ್ಣಿ ಛಲೋ ಇರ್ತದ."

"ಹೌದ್ರಿ." ಗುಂಡೇರಾಯ ಕೆಂಪು ಅಂಚಿನಿಂದ ಕೈ ತೆಗೆದ. "ಬೆಕ್ಕು ಭಾಳ ಚಂದ ಅದರಿ. ಮುಂದಿನ ಸಲ ಬರೋವಾಗ ಇನ್ನೊಂದು ಕಂಬಳಿ ತರ್ತೇನಿ."

ಕೇಶರ ತಲೆ ಎತ್ತಿದಳು.

"ಬೆಕ್ಕಿಗಿ ಸಣ್ಣದು ಸಾಕಲ್ರಿ?" ಎಂದು ಅವನು ಮಾತು ಮುಗಿಸಿದ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವನು ಎತ್ತು ಹೂಡುತ್ತಿದ್ದಾಗ ಅವಳು ಕೊಡ ಹಿಡಿದುಕೊಂಡು ಹತ್ತಿರ ಹೋದಳು. "ನನ್ನ ಕರ್ಕೊಂಡು ಹೋಗ್ರಿ ಅಪ್ಪಾ. ಕೊಟ್ಟಿಗ್ಯಾಗ ಮಲಗ್ತೇನಿ. ಯಾರಿಗೂ ಕಾಣಂಗಿಲ್ಲ."

"ವೈಶಾಖದಾಗ ನಿನ್ನ ತಂಗಿ ಅಲಕಾನ ಲಗ್ನ ಅದ. ಬೀಗರು ಬಂದು ಹೋಗ್ತಿರ್ತಾರ. ಅವರ ಎದುರಿಗಿ ನೀ ಬಂದ್ರ..."

"ಬಂದ್ರ?"

ಗುಂಡೇರಾಯ ನೊಗದ ಹಗ್ಗವನ್ನು ಮತ್ತೊಮ್ಮೆ ಬಿಗಿದ. ಅದು ಆಗಲೇ ಬಿಗಿಯಾಗಿತ್ತು. "ಅತ್ತಿ ಹೇಳಿದಂಗ ಕೇಳ್ಕೊಂಡಿರು. ಆ ಬೆಕ್ಕು ಜತನ ಮಾಡು, ಅವರಿಗಿ ಸಂತೋಷ ಆಗ್ತದ," ಎಂದು ಗಾಡಿ ಹತ್ತಿದ. ಗಾಡಿ ಓಣಿಯ ತಿರುವು ದಾಟಿತು. ಅವನು ತಿರುಗಿ ನೋಡಲಿಲ್ಲ.

"ಕೇಶರಾ, ಸೆಗಣಿ ತಗದು ಅಂಗಳ ಸಾರಿಸು," ಎಂದು ಒಳಗಿನಿಂದ ಕೂಗು ಬಂತು.

ಎತ್ತುಗಳು ನಿಂತಿದ್ದಲ್ಲಿ ಸೆಗಣಿ ಬಿದ್ದಿತ್ತು. ಇಬ್ಬನಿಯಲ್ಲಿ ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಎರಡೂ ಕೈಗಳಿಂದ ಬಾಚಿಕೊಂಡಳು. ಅಂಗೈ ಬೆಚ್ಚಗಾಯಿತು. ಸೆಗಣಿ ಬುಟ್ಟಿ ಪಕ್ಕದಲ್ಲೇ ಇತ್ತು. ಹಬೆ ನಿಲ್ಲುವವರೆಗೂ ಅವಳು ಅದನ್ನು ಕೈಯಿಂದ ಬಿಡಲಿಲ್ಲ.